ಹೊರಗಿನಿಂದ ಹಾಕಿದ ಚಿಲಕ

ಮಾವ, ಆ ದಿನ ನಿಮ್ಮ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದವಳು ನಾನು. ಬಾಗಿಲು ಬಿಗಿದುಕೊಂಡು ನೀವು ಒಳಗೆ ಸಿಕ್ಕಿಕೊಂಡಿರಿ ಎಂದು ನಿಮ್ಮ ಮಗನಿಗೆ ಹೇಳಿದ್ದು ಸುಳ್ಳು. ನೀವು ತೀರಿಕೊಂಡು ಆರು ವರ್ಷವಾಯಿತು; ಅವರು ಇಂದಿಗೂ ಅದನ್ನೇ ನಂಬಿದ್ದಾರೆ.

ಮರೆವಿನ ಕಾಯಿಲೆ ನಿಮ್ಮನ್ನು ಹಿಡಿದ ಮೇಲೆ ಡಾಕ್ಟರು ಹೇಳಿದಂತೆ ಮನೆಯನ್ನು ಭದ್ರ ಮಾಡಿದವಳೂ ನಾನೇ. ಬಚ್ಚಲಿಗೆ ಹಿಡಿಕೆ, ಜಾರದ ಚಾಪೆ. ಬೆಂಕಿಪೊಟ್ಟಣ ಅಕ್ಕಿ ಡಬ್ಬದೊಳಗೆ. ಬೀದಿ ಬಾಗಿಲಿಗೆ ಗೆಜ್ಜೆ — ತೆರೆದರೆ ಕೇಳಿಸಲೆಂದು. 'ಕೂಡಿಹಾಕ್ಬೇಡಿ, ಹೆದರ್ತಾರೆ' ಎಂದು ಕೂಡ ಡಾಕ್ಟರು ಹೇಳಿದ್ದರು. ಆ ಒಂದು ಮಾತನ್ನು ನಾನು ಮನೆಯಲ್ಲಿ ಯಾರಿಗೂ ತಿಳಿಸಲಿಲ್ಲ.

ಗೆಜ್ಜೆ ದಿನಕ್ಕೆ ಇಪ್ಪತ್ತು ಸಲ ಕುಣಿಯುತ್ತಿತ್ತು. ನೀವು ದುಡಿದ ಚಿನ್ನದ ಗಣಿ ಮುಚ್ಚಿ ಯಾವ ಕಾಲವಾಗಿತ್ತೋ — ನಿಮಗೆ ಮಾತ್ರ ಮೈಸೂರು ಮೈನ್ಸಿನ ಸೈರನ್ ಕೇಳಿಸುತ್ತಲೇ ಇತ್ತು. ಶಿಫ್ಟಿಗೆ ಹೊತ್ತಾಯಿತೆಂದು ಬನಿಯನ್ನಿನಲ್ಲೇ ಹೊರಟುಬಿಡುತ್ತಿದ್ದಿರಿ. ರಾಬರ್ಟ್‌ಸನ್‌ಪೇಟೆಯಿಂದ ಆಟೋದವರು ಕರೆತಂದು, 'ಏನಕ್ಕಾ, ತಾತನ್ನ ಒಸಿ ನೋಡ್ಕೋಬಾರ್ದಾ?' ಅನ್ನುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನಗೆ ಮೈಯೆಲ್ಲ ಉರಿ. ನಿಮ್ಮ ಜೀವದ ಚಿಂತೆಗಿಂತ ಆ ಉರಿಯೇ ಹೆಚ್ಚಾಗಿತ್ತು.

ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಸೊಸೆಯಾಗಿ ಬಂದಾಗ ಈ ಊರಲ್ಲಿ ನನಗಿದ್ದವರು ನೀವೊಬ್ಬರೇ. ಕೂದಲಲ್ಲಿ ಇನ್ನೂ ಕಲ್ಲಿನ ಧೂಳು ಇರುವಾಗಲೇ, ಖಾಲಿಯಾದ ಊಟದ ಕ್ಯಾರಿಯರಿನಲ್ಲಿ ನನಗೆಂದು ಬಿಸಿ ಬೋಂಡಾ ಮುಚ್ಚಿಟ್ಟು ತರುತ್ತಿದ್ದಿರಿ. ಅತ್ತೆ ಗೊಣಗಿದರೆ, 'ಮಗು ಕಣೇ ಅದು, ತಿನ್ಲಿ ಬಿಡು.' ಸಂಜೆ ಜಗುಲಿಯಲ್ಲಿ ಭೂಮಿಯೊಳಗಿನ ಕತೆ. ಬಂಡೆ ಕುಸಿದು ಸಿಕ್ಕಿಕೊಂಡರೆ ಕೂಗಿ ಉಸಿರು ಕಳೆಯಬಾರದಂತೆ, ಪೈಪಿಗೆ ಕಲ್ಲಿನಿಂದ ಬಡಿಯುತ್ತಿರಬೇಕಂತೆ — 'ಬಡಿಯಾದ್ ನಿಂತ್ರೆ, ಒಳಗ್ ಯಾರೂ ಇಲ್ಲ ಅಂದ್ಕೋತಾರಮ್ಮಾ ಮ್ಯಾಲಿರೋರು.' ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಎಂಥ ಸಂಜೆಗಳು ಮಾವ ಅವು.

ಚಿಲಕ ಹಾಕಿದ ಮಧ್ಯಾಹ್ನ ನೀವು ಕೂಗಲಿಲ್ಲ. ಕಬ್ಬಿಣದ ಮಂಚದ ಕಾಲಿಗೆ ಸ್ಟೀಲ್ ಲೋಟದಿಂದ ಬಡಿದಿರಿ. ಮೂರು ಏಟು, ಸ್ವಲ್ಪ ಬಿಡುವು — ಮತ್ತೆ ಮೂರು. ನೀವು ಎಲ್ಲಿದ್ದೀರಿ ಎಂದುಕೊಂಡಿರೆಂದು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅಂದರೆ ಈ ಬಾಯಿಗೆ ಹುಳ ಬೀಳಲಿ. ಗೊತ್ತಾಗಿಯೂ ಮಿಕ್ಸಿ ಹಾಕಿದೆ. ಚಟ್ನಿ ನುಣ್ಣಗಾದ ಮೇಲೂ ಓಡಿಸುತ್ತಲೇ ಇದ್ದೆ.

ಬಡಿತ ನಿಂತಿತು. ಓಡಿ ಬಾಗಿಲು ತೆಗೆದೆ. ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಿರಿ, ಪಂಚೆ ಒದ್ದೆಯಾಗಿತ್ತು. ಬೈಯುತ್ತೀರಿ ಅಂದುಕೊಂಡೆ — ಬೈದಿದ್ದರೆ... ನೀವು ಕಷ್ಟಪಟ್ಟು ಎದ್ದು ಬಂದಿರಿ. ನನ್ನ ತಲೆ ಬಗ್ಗಿಸಿ, ಗಣಿಯೊಳಗಿನ ಕಲ್ಲು ತಾಗದ ಹಾಗೆ ಅಂಗೈ ಅಡ್ಡ ಹಿಡಿದು, ಬಾಗಿಲ ಕಡೆಗೆ ದೂಡಿದಿರಿ.

'ನೀನೂ ಸಿಕ್ಕಾಕ್ಕೊಂಡ್ಯಾ ತಾಯಿ? ಮೊದ್ಲು ನೀನ್ ಓಗು. ನಾನ್ ಆಮೇಲ್ ಬತ್ತೀನಿ.'

ನಾನು ಹೋದೆ, ಮಾವ. ನಿಮ್ಮನ್ನು ಹಿಂದೆ ಬಿಟ್ಟು, ತಲೆ ತಗ್ಗಿಸಿಕೊಂಡು ಮೊದಲು ಹೊರಗೆ ಹೋದೆ. ಚಿಲಕ ಹಾಕಿದ್ದು ನಾನೇ ಎಂದು ಹೇಳಿದ್ದರೆ ಆಗಿನ್ನೂ ನಿಮಗೆ ಅರ್ಥವಾಗುತ್ತಿತ್ತು. ನಾನು ಹೇಳಲಿಲ್ಲ.