ಅವರೆ ಹಿತುಕುವ ಹೊತ್ತು

ಮನಸ್ಸಿಗೆ ಬೇಜಾರಾದಾಗ ಏನು ಮಾಡಬೇಕೆಂದು ಹೇಳಿಕೊಡುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಕಗ್ಗದಾಸಪುರದ ಬಾಡಿಗೆ ಮನೆಯಲ್ಲಿ ನಾನು ಗೋಡೆ ನೋಡುತ್ತ ಕೂತಿದ್ದ ಆ ವರ್ಷ ಸಿಕ್ಕವರೆಲ್ಲ ಡಾಕ್ಟರುಗಳೇ. ಧಾರವಾಡದಿಂದ ಫೋನು ಮಾಡಿದ ಅವ್ವ ದೇವರ ಹೆಸರು ಬರೆಯಲು ಹೇಳಿದಳು. ಅಕ್ಕ ಕಸೂತಿ ಹಾಕು ಎಂದು ಬಣ್ಣಬಣ್ಣದ ದಾರವನ್ನೇ ಕಳಿಸಿಬಿಟ್ಟಳು. ನಮ್ಮನೆಯವರ ಆಫೀಸಿನ ಗೆಳೆಯರ ಹೆಂಡತಿ ಇಂದಿರಾನಗರದಲ್ಲಿ ಯೋಗದ ಕ್ಲಾಸು ಹುಡುಕಿಕೊಟ್ಟರು. ಅಲ್ಲಿ ಕಣ್ಣು ಮುಚ್ಚಿ ಅಂಗಾತ ಮಲಗಲು ಹೇಳಿದರು. ಮಲಗಿದವಳು ಗೊಳೋ ಎಂದು ಅತ್ತುಬಿಟ್ಟೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಗಿದ್ದು ಇಷ್ಟು. ಏಳು ತಿಂಗಳು ತುಂಬಿದ್ದ ನನ್ನ ಕೂಸು ಹೊಟ್ಟೆಯಲ್ಲೇ ಹೋಗಿಬಿಟ್ಟಿತ್ತು. ನನಗೆ ಸರಿಯಾಗಿ ಎಚ್ಚರವಾಗುವಷ್ಟರಲ್ಲಿ ಅದನ್ನು ಒಯ್ದಾಗಿತ್ತು. ಎಲ್ಲಿಗೆ ಎಂದು ಕೇಳಿದರೆ ನಮ್ಮನೆಯವರು, "ಈಗ್ಯಾಕ ಅದೆಲ್ಲಾ? ಅಣ್ಣಾ ನೋಡ್ಕೊಂಡಾನ" ಎಂದು ಮುಖ ತಿರುಗಿಸುತ್ತಿದ್ದರು. ಅವರ ಅಣ್ಣನನ್ನು ಕೇಳಿದರೆ, "ಮರ್ತಬಿಡವಾ, ಇನ್ನೂ ವಯಸ್ಸೈತಿ" ಎಂದರು. ಅವರಿಬ್ಬರೂ ಕೆಟ್ಟವರಲ್ಲ. ಹೇಳದಿದ್ದರೆ ನೋವು ಕಡಿಮೆಯಾಗುತ್ತದೆ ಎಂದು ನಂಬಿದವರು. ಆದರೆ ನನಗೆ ಬೇಕಾಗಿದ್ದದ್ದು ಸಮಾಧಾನವಲ್ಲ, ಇನ್ನೊಂದು ಮಗುವಿನ ಆಶೀರ್ವಾದವೂ ಅಲ್ಲ. ನನ್ನ ಮಗಳು ಎಲ್ಲಿದ್ದಾಳೆ ಎಂದು ಯಾರಾದರೂ ಒಬ್ಬರು ಹೇಳಬೇಕಿತ್ತು. ಕೂತಲ್ಲಿ, ನಿಂತಲ್ಲಿ ಅದೊಂದೇ ಯೋಚನೆ.

ಉಪದೇಶಗಳಿಂದ ತಪ್ಪಿಸಿಕೊಳ್ಳಲು ನಾನೇ ಕೆಲವು ದಾರಿ ಕಂಡುಕೊಂಡಿದ್ದೆ. ಮಧ್ಯಾಹ್ನ ಶಿವಾಜಿನಗರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂರುವುದು. ಕೊನೆಯ ಸ್ಟಾಪಿನಲ್ಲಿ ಇಳಿದು, ಮಾರ್ಕೆಟ್ಟಿನ ಮುಂದೆ ತಮಿಳು, ಉರ್ದು, ಕನ್ನಡ ಮೂರರಲ್ಲೂ ಒಂದೇ ಉಸಿರಿಗೆ ಚೌಕಾಶಿ ನಡೆಯುವುದನ್ನು ಕೇಳುವುದು, ಒಂದು ಮೊಳ ಹೂವು ಕೊಂಡು ಬಂದ ಬಸ್ಸಿನಲ್ಲೇ ವಾಪಸಾಗುವುದು. ಅಷ್ಟು ದೂರ ಹೋಗಲು ಮನಸ್ಸಿಲ್ಲದ ದಿನ ನಮ್ಮ ರೈಲ್ವೆ ಗೇಟು ಇದ್ದೇ ಇತ್ತು. ಗೇಟು ಬಿದ್ದರೆ ಎರಡೂ ಕಡೆ ನಿಂತವರು ರೈಲಿನವರ ಏಳು ತಲೆಮಾರನ್ನು ಜಾಲಾಡುತ್ತಿದ್ದರು. ನನಗೊಬ್ಬಳಿಗೇ ಖುಷಿ. ಅಷ್ಟು ಹೊತ್ತಾದರೂ ಎಲ್ಲರೂ ನನ್ನ ಹಾಗೆ ಎಲ್ಲಿಗೂ ಹೋಗಲಾಗದೆ ನಿಂತಿರುತ್ತಿದ್ದರಲ್ಲ!

ನಾವಿದ್ದದ್ದು ಮೊದಲ ಮಹಡಿಯಲ್ಲಿ. ಕೆಳಗಡೆ ಮನೆಯ ಯಜಮಾನಿ. ಬಾಡಿಗೆಯವರೆಲ್ಲ ಅವರನ್ನು ಓನರಮ್ಮ ಎನ್ನುತ್ತಿದ್ದೆವು. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ರಾಗಿ ಬೆಳೆದ ಮನೆತನ. ಈಗ ಹೊಲದ ಬದಲು ಕಟ್ಟಡಗಳು. ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು ತುಂಬಿಕೊಂಡಿದ್ದ ಮನೆಯಲ್ಲಿ ಓನರಮ್ಮನ ಗಂಟಲೇ ಎಲ್ಲಕ್ಕಿಂತ ದೊಡ್ಡದು. ನನ್ನನ್ನು ಕಂಡರೆ ಮಾತ್ರ ಅವರು ಹೆಚ್ಚು ಮಾತಾಡುತ್ತಿರಲಿಲ್ಲ.

ಚಳಿಗಾಲ ಬಂತು, ಅದರ ಹಿಂದೆಯೇ ಅವರೆಕಾಯಿ. ಬೀದಿಯೆಲ್ಲ ಸೊಗಡಿನ ವಾಸನೆ. ಒಂದು ಬೆಳಿಗ್ಗೆ ಓನರಮ್ಮ ದೊಡ್ಡ ಪಾತ್ರೆಯೊಂದನ್ನು ಹೊತ್ತು ಮೆಟ್ಟಿಲು ಹತ್ತಿ ಬಂದು ನನ್ನ ಮುಂದಿಟ್ಟರು.

"ಇಟ್ಕೋ ಕಣಮ್ಮಿ. ಸಂಜೆ ಬಂದು ಪಾತ್ರೆ ತಗೊಂಡೋಗ್ತೀನಿ."

ಅಷ್ಟೇ ಹೇಳಿ ಇಳಿದು ಹೋದರು. ನೋಡಿದರೆ ನೀರಿನಲ್ಲಿ ನೆನೆದು ಉಬ್ಬಿದ ಅವರೆಕಾಳು. ಇಷ್ಟು ದಿನಕ್ಕೆ ಒಬ್ಬರಾದರೂ ಉಪದೇಶ ಬಿಟ್ಟು ತಿನ್ನುವುದು ಕೊಟ್ಟರಲ್ಲ ಎಂದು ಸೆರಗು ಸಿಕ್ಕಿಸಿ ಎದ್ದೆ. ಅಷ್ಟನ್ನೂ ಬೇಯಿಸಿ, ಬೆಳ್ಳುಳ್ಳಿಯ ಒಗ್ಗರಣೆ ಹಾಕಿ, ಅವ್ವ ಕಳಿಸಿದ್ದ ಗುರೆಳ್ಳು ಪುಡಿ, ಚೂರು ಬೆಲ್ಲ ಸೇರಿಸಿ ಊರಿನ ಉಸಲಿ ಮಾಡಿದೆ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಹೊಟ್ಟೆ ತುಂಬ ತಿಂದು, ಮಿಕ್ಕಿದ್ದನ್ನು ಅದೇ ಪಾತ್ರೆಗೆ ತುಂಬಿ ಸಂಜೆ ನಾನೇ ಕೆಳಗೆ ಒಯ್ದುಕೊಟ್ಟೆ.

ಓನರಮ್ಮ ಮುಚ್ಚಳ ತೆಗೆದವರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ನನ್ನವ್ವ! ಸಿಪ್ಪೆ ಸಮೇತ ಬೇಯಿಸ್ಬಿಟ್ಟಿದೀಯಲ್ಲೇ! ತಿನ್ನಕ್ಕಲ್ಲ ಕಣೆ ಕೊಟ್ಟಿದ್ದು, ಹಿತುಕಕ್ಕೆ!"

ಒಳಗಿನಿಂದ ಸೊಸೆಯರು ಓಡಿ ಬಂದರು. ಆ ಸಂಜೆ ಅವರ ಮನೆಗೆ ಬೀಗರು ಬರುವವರಿದ್ದರು. ಅವರಿಗಾಗಿ ಹಿತುಕಿದ ಬೇಳೆಯ ಸಾರು ಆಗಬೇಕಿತ್ತು. ನನಗೋ, ನೆನೆದ ಅವರೆಯನ್ನು ಒಂದೊಂದಾಗಿ ಹಿಚುಕಿ ಸಿಪ್ಪೆ ಬಿಡಿಸುತ್ತಾರೆ ಎಂಬುದೇ ಗೊತ್ತಿಲ್ಲ. ನಾಚಿಕೆಯಾದಾಗ ಜಗಳಕ್ಕೆ ನಿಲ್ಲುವುದು ನನ್ನ ಹುಟ್ಟುಗುಣ.

"ಹಿತಕಬೇಕು ಅಂತ ಬಾಯಿಬಿಟ್ಟು ಹೇಳಬಾರದೇನ್ರಿ ಅಮ್ಮಾರ?"

"ನೆನೆಸಿದ ಅವರೆ ಇನ್ಯಾಕಮ್ಮ ಕೊಡ್ತಾರೆ? ಪೂಜೆ ಮಾಡಕ್ಕಾ?"

ಸೊಸೆಯರು ಕಿಸಕ್ಕನೆ ನಕ್ಕರು. ಓನರಮ್ಮನೂ ನಕ್ಕರು. ನನಗೂ ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ನಂತರ ನಾನು ನಕ್ಕದ್ದು ಅಂದೇ. ಬೀಗರು ಪಾಪ ಟೊಮೆಟೊ ಸಾರಿನಲ್ಲಿ ಮುದ್ದೆ ಉಂಡು, ನನ್ನ ಉಸಲಿಯನ್ನು ನಂಜಿಕೊಂಡರಂತೆ. ಚೆನ್ನಾಗಿತ್ತು ಎಂದು ಅವರಾರೂ ಹೇಳಿ ಕಳಿಸಲಿಲ್ಲ.

ಮರುದಿನ ಓನರಮ್ಮ ಪಾತ್ರೆಯ ಜೊತೆ ತಾವೂ ಬಂದರು. ಟೆರೇಸಿನ ಎಳೆ ಬಿಸಿಲಿನಲ್ಲಿ ಚಾಪೆ ಹಾಸಿ ನನ್ನನ್ನು ಕೂರಿಸಿಕೊಂಡರು. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳನ್ನು ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಪುಳಕ್ಕನೆ ಈಚೆ ಬರುತ್ತದೆ. ಜೋರಾಗಿ ಒತ್ತಿದರೆ ಹಾರಿ ಎಲ್ಲೋ ಬೀಳುತ್ತದೆ. ನನ್ನ ಮೊದಲ ಬೇಳೆಗಳು ನೀರಿನ ಟ್ಯಾಂಕಿಗೆ ಬಡಿದವು, ಒಂದು ಓನರಮ್ಮನ ಹಣೆಗೇ ತಗುಲಿತು. "ಸಿಟ್ಟೆಲ್ಲಾ ಅದರ ಮೇಲ್ಯಾಕೆ ತೀರಿಸ್ಕೊಂತೀಯಾ?" ಎಂದರು. ಎರಡು ಮೂರು ದಿನಕ್ಕೆ ಕೈ ಹದಕ್ಕೆ ಬಂತು. ಬೆರಳ ತುದಿಗಳು ನೀರಿಗೆ ಸುಕ್ಕುಗಟ್ಟುತ್ತಿದ್ದವು. ಸೋಪು ಹಾಕಿ ಉಜ್ಜಿದರೂ ಸೊಗಡು ಹೋಗುತ್ತಿರಲಿಲ್ಲ. ಅದರಲ್ಲಿ ಏನು ಸುಖವಿತ್ತೆಂದು ಈಗಲೂ ಸರಿಯಾಗಿ ಹೇಳಲಾರೆ. ಕೈಗೆ ಕೆಲಸ, ಕಣ್ಣಿಗೆ ಕೆಲಸ, ಬಾಯಿಗೆ ರಜೆ. ಪಾತ್ರೆ ಖಾಲಿಯಾಗುವವರೆಗೆ ಯೋಚನೆ ಸ್ವಲ್ಪ ದೂರ ಸರಿದು ಕೂರುತ್ತಿತ್ತು. ಈಗ ನಾವಿರುವ ಕಲ್ಯಾಣ ನಗರದ ಅಂಗಡಿಗಳಲ್ಲಿ ಹಿತುಕಿದ ಬೇಳೆಯೇ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಕೊಂಡವರಿಗೆ ಸಾರು ಸಿಗುತ್ತದೆ, ಆ ಬೆಳಗಿನ ಹೊತ್ತು ಸಿಗುವುದಿಲ್ಲ.

ದಿನವೂ ಪಾತ್ರೆ ಬರತೊಡಗಿತು. "ಇವತ್ತೂ ಹಿತುಕಿದ ಬೇಳೇನಾ?" ಎಂದು ಗಂಡುಮಕ್ಕಳು ಗೊಣಗುವುದು ಮೇಲಿನವರೆಗೂ ಕೇಳುತ್ತಿತ್ತು. ಇದೆಲ್ಲ ನನಗಾಗಿಯೇ ಎಂದು ಒಳಗೊಳಗೇ ಬೀಗುತ್ತಿದ್ದೆ.

ಹೀಗೇ ಒಂದು ದಿನ, ಪಾತ್ರೆಯಿಂದ ಕಣ್ಣು ಎತ್ತದೆ ಓನರಮ್ಮ ಕೇಳಿದರು, "ಗಂಡೋ, ಹೆಣ್ಣೋ?"

ಅಷ್ಟು ದಿನದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ಹೆಣ್ಣು" ಎಂದೆ.

"ಎಲ್ಲಿ ಮಣ್ಣು ಮಾಡಿದ್ರು?"

"ಗೊತ್ತಿಲ್ರಿ. ಯಾರೂ ಹೇಳವೊಲ್ರು."

ಹೇಳುತ್ತಿದ್ದಂತೆ ಕಟ್ಟೆಯೊಡೆಯಿತು. ಅವರು ಅಳಬೇಡ ಎನ್ನಲಿಲ್ಲ. "ಅಳು. ಕೈ ಮಾತ್ರ ನಿಲ್ಲಿಸ್ಬೇಡ" ಎಂದರು. ಮೂಗು ಒರೆಸುತ್ತ, ಬಿಕ್ಕುತ್ತ ಹಿತುಕಿದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮಾತು ತೆಗೆದರು. ಅವರ ಮೊದಲನೆಯದೂ ಹೆಣ್ಣು. ಎರಡು ದಿನ ಉಸಿರಾಡಿತ್ತಂತೆ. ಅತ್ತೆ ಅದನ್ನು ತಮ್ಮ ಹೊಲದ ಬದುವಿನಲ್ಲಿ, ಹೊಂಗೆಮರದ ಬುಡದಲ್ಲಿ ಮಲಗಿಸಿದ್ದರು. ಆ ಹೊಲದಲ್ಲಿ ರಾಗಿಯ ನಡುವೆ ಅವರೆ ಸಾಲು. ವರ್ಷಾ ವರ್ಷ ಅವರೆ ಬಿಡಿಸಲು ಹೋದಾಗ ಮೊದಲ ಹಿಡಿಯನ್ನು ಆ ಬುಡಕ್ಕೆ ಹಾಕಿ ಬರುತ್ತಿದ್ದರು.

"ಆಮೇಲೆ ಹೊಲ ಮಾರಿದ್ವಿ. ಯಾರೂ ಬಲವಂತ ಮಾಡ್ಲಿಲ್ಲ, ನಾನೂ ಒಪ್ಕೊಂಡೆ. ಈ ವಿಷ್ಯ ನನ್ ಮಕ್ಳಿಗೆ ಗೊತ್ತೇ ಇಲ್ಲ. ಈಗ ಹೆಂಗೆ ಹೋಗ್ಲಿ? ಯಾರ ಮನೆಗೆ ಅಂತ ಹೋಗ್ಲಿ?"

ಗದ್ದ ಎತ್ತಿ ಎದುರಿಗೆ ತೋರಿಸಿದರು. ರಸ್ತೆಯಾಚೆ, ಎರಡು ಸೈಟು ದಾಟಿದರೆ, ಆ ಹೊಲವಿದ್ದ ಜಾಗದಲ್ಲಿ ಹೊಸ ಅಪಾರ್ಟ್‌ಮೆಂಟು. ನಾವು ದಿನವೂ ಅದರತ್ತ ಮುಖ ಮಾಡಿಯೇ ಕೂರುತ್ತಿದ್ದೆವು. ಅವರು ನನ್ನ ದುಃಖ ಕಳೆಯಲು ಬರುತ್ತಾರೆಂದುಕೊಂಡಿದ್ದೆ. ಅವರಿಗೂ ಅವರೆಕಾಲವನ್ನು ಒಬ್ಬರೇ ಕಳೆಯಲು ಆಗುತ್ತಿರಲಿಲ್ಲ.

ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. "ಏಳ್ರಿ, ಹೋಗೂಣು" ಎಂದೆ. ಬೇಡ ಬೇಡ ಎನ್ನುತ್ತಲೇ ಎದ್ದರು. ಒಂದು ಹಿಡಿ ಬೇಳೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

ಗೇಟಿನಲ್ಲಿ ವಾಚ್‌ಮನ್ ತಡೆದ. "ಯಾರ ಮನೆಗೆ ಹೋಗ್ಬೇಕು ಮೇಡಂ?"

ಊರಿಗೇ ಕೇಳುವಂತೆ ಮಾತಾಡುವ ಓನರಮ್ಮನಿಗೆ, ತಾವೇ ಕಳೆ ಕಿತ್ತ ನೆಲದ ಮುಂದೆ ನಿಂತು ದನಿ ಹೊರಡಲಿಲ್ಲ.

"ಇವರ ಮಗಳು ಇಲ್ಲೇ ಅದಾಳ" ಎಂದೆ. ಅವನು ಸಲಾಮು ಹೊಡೆದು ಒಳಗೆ ಬಿಟ್ಟ.

ಕೆಳಗೆ ಕಾರು ನಿಲ್ಲಿಸುವ ಜಾಗ. ಓನರಮ್ಮ ಹಿಂಬದಿಗೆ ಕಾಣುವ ಗುಡಿಯ ಗೋಪುರ ನೋಡಿದರು, ರಸ್ತೆಯ ತಿರುವು ನೋಡಿದರು, ಹೊಂಗೆಮರ ಎಲ್ಲಿತ್ತೆಂದು ಬಾಯಲ್ಲೇ ಲೆಕ್ಕ ಹಾಕಿದರು. ನಾಲ್ಕು ಹೆಜ್ಜೆ ಮುಂದೆ ಹೋದರು, ಮತ್ತೆ ಹಿಂದೆ ಬಂದರು. ಕೊನೆಗೆ ಒಂದು ಕಂಬದ ಪಕ್ಕ, ಯಾರದೋ ಸ್ಕೂಟರಿನ ಹತ್ತಿರ ಕೂತು, ಸೆರಗಿನ ಗಂಟು ಬಿಚ್ಚಿ, ಬೇಳೆಯನ್ನು ಕಂಬದ ಬುಡಕ್ಕೆ ಹಾಕಿದರು. ನಾನು ಸ್ವಲ್ಪ ದೂರದಲ್ಲಿ ನಿಂತಿದ್ದೆ.

ಎದ್ದವರು ನನ್ನ ಮಣಿಕಟ್ಟು ಹಿಡಿದು ಹತ್ತಿರ ಎಳೆದುಕೊಂಡರು.

"ನಿನ್ ಮಗಳೂ ಇಲ್ಲೇ ಇದಾಳೆ ಅಂದ್ಕೋ ಕಣಮ್ಮಿ. ನನ್ನದು ಇಷ್ಟು ವರ್ಷ ಒಂದೇ ಮಲಗೈತೆ. ಜೊತೆಗಿರ್ಲಿ."

ನಾನು ಬಗ್ಗಿ ಆ ಸಿಮೆಂಟಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಅಂದಿನಿಂದ ನನ್ನ ಮಗಳು ಎಲ್ಲಿದ್ದಾಳೆಂದು ನಾನು ಯಾರನ್ನೂ ಕೇಳಲಿಲ್ಲ.