ಹಳದಿ ಚಡ್ಡಿಯ ಅಣ್ಣತಮ್ಮಂದಿರು

ಮೊಬೈಲಿನ ಧ್ವನಿ ತೀರಾ ಸಣ್ಣದಾಗಿದೆ ಎಂದು ಮೊನ್ನೆ ಶಿಗ್ಗಾಂವದ ಬಸ್ ಸ್ಟ್ಯಾಂಡ್ ಕಡೆಯ ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಫೋನನ್ನು ತಿರುವಿ, ಕೆಳಗಿನ ಸಣ್ಣ ತೂತುಗಳಿಗೆ ಸೂಜಿ ಹಾಕಿ ಕೆದರಿದ. ಬಿಳಿ ಪುಡಿ ಉದುರಿತು. ಬೆರಳಿಗೆ ಹಚ್ಚಿಕೊಂಡು ನೋಡಿ, "ಏನ್ರೀ ಅಕ್ಕಾರ, ಇದರ ಮ್ಯಾಲೆ ರೊಟ್ಟಿ ಬಡದೀರೇನು?" ಎಂದು ನಕ್ಕ. ಜೋಳದ ಹಿಟ್ಟು. ನಗಬೇಕಾದ ಮಾತೇ, ಆದರೆ ನನಗೆ ನಗು ಬರಲಿಲ್ಲ. ಆ ಹಿಟ್ಟು ನನ್ನ ಕೈಯದಲ್ಲ, ದೊಡ್ಡವ್ವನ ಬೆರಳಿನದು. ತಡೆಯಿರಿ ಅನ್ನುವಷ್ಟರಲ್ಲಿ ಅವನು ಉಫ್ ಎಂದು ಊದಿಬಿಟ್ಟ...

ದೊಡ್ಡವ್ವ ನನಗೆ ರಕ್ತಸಂಬಂಧಿಯಲ್ಲ, ಗೋಡೆಗೆ ಗೋಡೆ ಹತ್ತಿದ ಮನೆಯಾಕೆ. ಮದುವೆಯಾಗಿ ಈ ಓಣಿಗೆ ಬಂದಾಗಿನಿಂದ ನನಗೆ ಹಾಗೆ ಕರೆದೇ ರೂಢಿ. ಮಗ, ಸೊಸೆ ಜೊತೆಗಿದ್ದರು. ಮಗಳನ್ನು ಹಿರೇಕೆರೂರಿಗೆ ಕೊಟ್ಟಿದ್ದಳು. ನಮ್ಮ ಹಿತ್ತಲಿನ ತಗಡಿನ ಚಪ್ಪರದಲ್ಲಿ ನಾವಿಬ್ಬರೂ ಕೂಡಿ ಖಡಕ್ ರೊಟ್ಟಿ ಮಾಡಿ ಹೆದ್ದಾರಿಯ ಖಾನಾವಳಿಗಳಿಗೂ ಸವಣೂರು, ಹಾನಗಲ್ಲ ಕಡೆಯ ಮದುವೆ ಮನೆಗಳಿಗೂ ಕೊಡುತ್ತಿದ್ದೆವು. ಬಡಿಯುವುದು ಅವಳು, ಬೇಯಿಸುವುದು ನಾನು. ಅವಳು ಬಡಿದ ರೊಟ್ಟಿ ಹಪ್ಪಳದಷ್ಟು ತೆಳ್ಳಗಿರುತ್ತಿತ್ತು, ನಾನು ಬಡಿದದ್ದು ನಡುವೆ ದಪ್ಪ, ಅಂಚಿಗೆ ಹರಕು.

ನಮ್ಮ ಯಜಮಾನರು ಕ್ರಿಕೆಟ್ ನೋಡಲಿಕ್ಕೆಂದು ಮೊಬೈಲಿಗೆ ಅದ್ಯಾವುದೋ ಚಂದಾ ಹಾಕಿಸಿದ್ದರು. ಒಂದು ಮಧ್ಯಾಹ್ನ ಕೆಲಸಕ್ಕೆ ಜೊತೆಯಾಗಲಿ ಎಂದು ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಧಾರಾವಾಹಿ ಹಾಕಲು ಹೋದೆ. ಬೆರಳು ಎಲ್ಲಿ ತಾಗಿತೋ, ಹಳೆಯ ಕಾಲದ ಕುಸ್ತಿಯ ಕಾರ್ಯಕ್ರಮವೊಂದು ಶುರುವಾಯಿತು. ನಮ್ಮ ಕಡೆಯ ಮಣ್ಣಿನ ಕುಸ್ತಿಯಲ್ಲ. ಹಗ್ಗ ಕಟ್ಟಿದ ಚೌಕದಲ್ಲಿ ಬಣ್ಣಬಣ್ಣದ ಚಡ್ಡಿ ಹಾಕಿಕೊಂಡು, ಒಬ್ಬರನ್ನೊಬ್ಬರು ಎತ್ತಿ ಒಗೆಯುವ ಪರದೇಶದ ಕುಸ್ತಿ. ನಾನು ಬದಲಿಸಲು ಕೈ ಚಾಚಿದರೆ ದೊಡ್ಡವ್ವ ಗದರಿದಳು.

"ಇರ್ಲಿ ಬಿಡ ಹುಡುಗಿ. ಇವ್ರು ನನಗ ಗೊತ್ತು."

ಗೊತ್ತಂತೆ! ಮಗ ಸಣ್ಣವನಿದ್ದಾಗ, ಕೇಬಲ್ ಹೊಸದಾಗಿ ಬಂದ ಕಾಲದಲ್ಲಿ, ಅಭ್ಯಾಸ ಬಿಟ್ಟು ಇದನ್ನೇ ನೋಡುತ್ತಿದ್ದನಂತೆ. "ಬೈಯಾಕ ಅಂತ ಕಸಬರಿಗಿ ಹಿಡಕೊಂಡು ಬರ್ತಿದ್ದೆ. ಬಾಗಲದಾಗ ನಿಂತು ನಾನೂ ಅರ್ಧಾ ನೋಡಿ, ಆಮ್ಯಾಲೆ ಟಿವಿ ಬಂದ್ ಮಾಡ್ತಿದ್ದೆ. ಯಾರು ಗೆದ್ರು ಅಂತ ಒಂದರ ಕುಸ್ತಿದು ನನಗ ಇವತ್ತಿಗೂ ಗೊತ್ತಿಲ್ಲ ನೋಡು." ಹೇಳುತ್ತಾ ಹಿಟ್ಟಿನ ಬೆರಳಿನಿಂದ ಪರದೆಯನ್ನು ಕುಕ್ಕಿದಳು. "ದೊಡ್ಡದಾಗಿ ಹಚ್ಚು. ಕೇಳವಲ್ದು."

ಅಂದಿನಿಂದ ಅದೇ ಚಟ. ನಾವು ಯಾರ ಹೆಸರನ್ನೂ ಕಲಿಯಲಿಲ್ಲ. ದೊಡ್ಡವ್ವನೇ ಎಲ್ಲರಿಗೂ ಹೆಸರಿಟ್ಟಳು. ಜಡೆಯಾಂವ, ಬೋಳ್ಯಾ, ಸೊಸಿಗಂಜ. ಈ ಸೊಸಿಗಂಜ ಮಾತ್ರ ನೋಡಲಿಕ್ಕೆ ಗೂಳಿಯಂತಿದ್ದು, ಹೊರಗೆ ನಿಂತ ತನ್ನ ಮ್ಯಾನೇಜರ್ ಕೂಗಿದರೆ ಸೊಸೆಗೆ ಅಂಜುವ ಅತ್ತೆಯಂತೆ ಹೆದರುತ್ತಿದ್ದ. ರೆಫರಿಯ ಮೇಲೆ ಅವಳಿಗೆ ಭಾರೀ ಸಿಟ್ಟು. ಯಾರಾದರೂ ಕುರ್ಚಿ ತೆಗೆದುಕೊಂಡು ಹೊಡೆಯುವ ಹೊತ್ತಿಗೆ ಸರಿಯಾಗಿ ಅವನು ಬೆನ್ನು ತಿರುವಿರುತ್ತಿದ್ದ. "ಏ ಕುರುಡ್ಯಾ, ಈಕಡೆ ನೋಡೋ! ನಿನ್ನ ಕಣ್ಣಾಗ ಹಿಟ್ಟು ಬೀಳ್ಲಿ!" ಎಂದು ಕೂಗಿದರೆ ಓಣಿಗೆಲ್ಲ ಕೇಳಬೇಕು. ಆಮೇಲೆ ಒಲೆ ಆರುವವರೆಗೆ ಅದರದೇ ಚರ್ಚೆ. ಆ ಬೋಳ್ಯಾ ಮೊದಲು ಒಳ್ಳೆಯವನಿದ್ದ, ಕೆಟ್ಟದ್ದು ಯಾವಾಗ, ಯಾರ ಮಾತು ಕೇಳಿ...

ಒಮ್ಮೆ ಅವಳ ಮಗ ಗೋಡೆಯಾಚೆಯಿಂದ, "ಅವ್ವಾ, ಅದೆಲ್ಲಾ ನಾಟಕಬೇ, ಮೊದ್ಲ ಮಾತಾಡ್ಕೊಂಡಿರ್ತಾರ" ಎಂದ. ದೊಡ್ಡವ್ವ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ನನಗ ಗೊತ್ತಿಲ್ಲೇನಲೇ? ಕಂಪನಿ ನಾಟಕದಾಗ ಸತ್ತಾಕಿ ಪರದೆ ಹಿಂದ ಎದ್ದು ಚಾ ಕುಡೀತಾಳ. ಹಂಗಂತ ಮುಂದ ಕುಂತಾಕಿ ಅಳೂದು ಬಿಟ್ಟಾಳೇನು?"

ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸೇರುತ್ತಿದ್ದದ್ದು ಜೋಡಿ ಕುಸ್ತಿ. ಎರಡೂ ಕಡೆ ಇಬ್ಬಿಬ್ಬರು. ಒಬ್ಬ ಒಳಗೆ ಕಾದಾಡುವಾಗ ಇನ್ನೊಬ್ಬ ಮೂಲೆಯಲ್ಲಿ, ಹಗ್ಗದ ಆಚೆ ನಿಂತಿರಬೇಕು. ಒಳಗಿನವನು ಸಾಕಾಗಿ ಬಂದು ಕೈ ಚಾಚಿ, ಹೊರಗಿನವನ ಕೈ ಮುಟ್ಟಿದರೆ ಮಾತ್ರ ಪಾಳಿ ಬದಲು. ಅದರಲ್ಲಿ ಹಳದಿ ಚಡ್ಡಿಯ ಅಣ್ಣತಮ್ಮಂದಿರಿಬ್ಬರು ನಮ್ಮ ಪಕ್ಷ. ತಮ್ಮ ಏಟು ತಿಂದು ತೆವಳುತ್ತಾ ಬರುವಾಗ, ಅಣ್ಣ ಹಗ್ಗದ ಮೇಲಿಂದ ಬಾಗಿ ಕೈ ಚಾಚಿದಾಗ, ದೊಡ್ಡವ್ವನ ಹಲಗೆಯ ಮೇಲಿನ ರೊಟ್ಟಿ ಹಾಗೇ ಒಣಗುತ್ತಿತ್ತು. "ಮುಟ್ಟಸೋ... ಇನ್ನೊಂದೀಟ... ಮುಟ್ಟಸೋ ನನ್ನಪ್ಪಾ!"

ಅದು ನಮ್ಮ ಚಪ್ಪರಕ್ಕೂ ಬಂತು. ಒಂದು ದಿನ ಬಡಿದು ಬಡಿದು ಕೈಸೋತು, ದೊಡ್ಡವ್ವ ಕುಂತಲ್ಲಿಂದಲೇ ನನ್ನ ಕಡೆಗೆ ಅಂಗೈ ಚಾಚಿದಳು. ಮುಖದಲ್ಲಿ ಆ ತಮ್ಮನದೇ ಸಂಕಟ! ನಾನು ನಕ್ಕು, ಪಟ್ಟೆಂದು ಅವಳ ಕೈಗೆ ಹೊಡೆದು ಹಲಗೆಯ ಮುಂದೆ ಕುಳಿತೆ. ಅವಳು ಒಲೆಯ ಮುಂದೆ ಬಂದಳು. ಆಮೇಲೆ ದಿನಾ ಹಾಗೆಯೇ. ಕೈ ಚಾಚಿದರೆ ಪಾಳಿ ಬದಲು, ಬಾಯಲ್ಲಿ ಒಂದು ಮಾತೂ ಬೇಡ. ನಾವಿಬ್ಬರು ಹೆಂಗಸರು ಹಿಟ್ಟಿನ ಕೈ ಹೊಡೆದುಕೊಂಡು ನಗುವುದನ್ನು ನೋಡಿ ಅವಳ ಸೊಸೆ, "ಇವ್ರಿಗೇನ್ ಹುಚ್ಚು ಹಿಡದೈತಿ" ಅನ್ನುತ್ತಿದ್ದಳು.

ನನಗೆ ಅದು ಬರೀ ಆಟ. ಅವಳಿಗೆ ಆಟವಷ್ಟೇ ಆಗಿರಲಿಲ್ಲ ಎಂದು ಹೊಳೆಯಲು ತಡವಾಯಿತು. ದೊಡ್ಡವ್ವ ಜನ್ಮದಲ್ಲಿ ಯಾರ ಮುಂದೆಯೂ "ನನ್ನ ಕೈಲಿ ಆಗೂದಿಲ್ಲ" ಅಂದವಳಲ್ಲ. ಆಗಲೇ ಅವಳ ಬಲಭುಜ ಹಿಡಿದುಕೊಂಡಿತ್ತು. ಮಗನಿಗೆ ಹೇಳಿರಲಿಲ್ಲ, ಸೊಸೆಗೆ ಹೇಳುವ ಮಾತೇ ಇಲ್ಲ. ಹಾಗೆ ಕೈ ಚಾಚುವುದೊಂದೇ ಅವಳು ಆಗುವುದಿಲ್ಲ ಅನ್ನುತ್ತಿದ್ದ ಬಗೆ. ಅದನ್ನೂ ನನ್ನೊಬ್ಬಳ ಮುಂದೆ ಮಾತ್ರ.

ಅವಳು ನೆಂಟರ ಮನೆಯ ಕಾರ್ಯವೆಂದು ಹಿರೇಬೆಂಡಿಗೇರಿಗೆ ಹೋದ ದಿನ ನಾನು ಕಳ್ಳಕೆಲಸ ಮಾಡಿದೆ. ಕೂಡಿ ನೋಡಬೇಕೆಂದಿದ್ದ ಮುಂದಿನ ಕಂತನ್ನು ಒಬ್ಬಳೇ ನೋಡಿದೆ. ಅದರಲ್ಲಿ ಅಣ್ಣತಮ್ಮಂದಿರು ಬೇರೆಯಾಗುತ್ತಾರೆ. ತಮ್ಮ ತೆವಳುತ್ತಾ ಮೂಲೆಗೆ ಬಂದು ಕೈ ಚಾಚುತ್ತಾನೆ. ಅಣ್ಣ ಇನ್ನೇನು ಮುಟ್ಟಬೇಕು, ಸರಕ್ಕನೆ ಕೈ ಹಿಂದಕ್ಕೆ ತೆಗೆದು, ಎದೆಯ ಮೇಲೆ ಕೈಕಟ್ಟಿ, ಬೆನ್ನು ತಿರುವಿ ಇಳಿದು ಹೋಗುತ್ತಾನೆ. ಮಂದಿ ಹೋ ಎಂದು ಕೂಗುತ್ತದೆ. ನಾನು ಅಲ್ಲಿಗೇ ನಿಲ್ಲಿಸಿಬಿಟ್ಟೆ. ದೊಡ್ಡವ್ವನಿಗೆ ಇದನ್ನು ಹೇಗೆ ತೋರಿಸುವುದಪ್ಪಾ ಅನ್ನಿಸಿತು.

ಮರುದಿನ ಹಾನಗಲ್ಲಿನ ಮದುವೆ ಮನೆಯೊಂದಕ್ಕೆ ರೊಟ್ಟಿಯ ದೊಡ್ಡ ಗಂಟು ಕಳಿಸಬೇಕಿತ್ತು. ಬೆಳಿಗ್ಗೆ ಯಜಮಾನರ ಜೊತೆ ಜಗಳವಾಗಿ ನನ್ನ ತಲೆ ಕೆಟ್ಟಿತ್ತು, ಸೊಂಟವೂ ಹಿಡಿದಿತ್ತು. ನಡುವೆ ದೊಡ್ಡವ್ವ ಕೈ ಚಾಚಿದಳು. ಏಳಲು ಬೇಸರ. ಅದೇನು ಬುದ್ಧಿ ಬಂತೋ, ಹಾಳಾದದ್ದು... ಅವಳ ಅಂಗೈವರೆಗೆ ನನ್ನ ಕೈ ಒಯ್ದು, ಸರಕ್ಕನೆ ಹಿಂದಕ್ಕೆಳೆದುಕೊಂಡೆ. ಎದೆಯ ಮೇಲೆ ಕೈಕಟ್ಟಿ ಒಲೆಯ ಕಡೆ ತಿರುಗಿ ಕುಳಿತೆ. ಹಾಗೆ ಮಾಡಿ ನಾನೇ ನಕ್ಕೆ.

ಅವಳು ನಗಲಿಲ್ಲ. "ಹಂಗ್ಯಾಕ ಮಾಡ್ದಿ?" ಅಂದಳು.

"ಮುಂದ ಗೊತ್ತಾಕ್ಕೈತಿ ಬಿಡಬೇ."

ಚಾಚಿದ ಕೈಯನ್ನು ಅವಳು ಒಂದು ಕ್ಷಣ ನೋಡಿಕೊಂಡಳು. ಸೆರಗಿಗೆ ಒರೆಸಿ, ಇನ್ನೊಂದು ಉಂಡೆ ಹಿಟ್ಟು ಎಳೆದುಕೊಂಡಳು. ಮತ್ತೊಮ್ಮೆ ಚಾಚುತ್ತಾಳೆ, ಆಗ ಹೋದರಾಯಿತು ಎಂದುಕೊಂಡೆ. ಚಾಚಲಿಲ್ಲ. ಉಳಿದ ಅಷ್ಟೂ ರೊಟ್ಟಿಯನ್ನು ಅವಳೇ ಬಡಿದಳು. ಸದ್ದು ಬರಬರುತ್ತಾ ಮೆತ್ತಗಾಗಿದ್ದು ನನಗೆ ಕೇಳಿಸುತ್ತಿತ್ತು. ಎದ್ದು ಹೋಗಿ, "ಸರಿಬೇ ಈಕಡೆ" ಅಂದಿದ್ದರೆ ಮುಗಿಯುತ್ತಿತ್ತು. ನಾನು ಏಳಲಿಲ್ಲ.

ಅಂದಿನಿಂದ ಅವಳು ಕೈ ಚಾಚುವುದನ್ನೇ ಬಿಟ್ಟಳು. ನಾನೇ "ಬಿಡಬೇ, ನಾ ಬಡೀತೇನಿ" ಎಂದರೆ, "ಆಕ್ಕೈತಿ, ಆಕ್ಕೈತಿ" ಅನ್ನುತ್ತಿದ್ದಳು. ಸಿಟ್ಟಿಲ್ಲ, ಸೆಡವಿಲ್ಲ, ಮಾತೂ ಮೊದಲಿನಂತೆಯೇ. ಹಳದಿ ಚಡ್ಡಿಯವರ ಮುಂದಿನ ಕುಸ್ತಿ ಹಚ್ಚು ಎಂದು ದಿನಾ ಕೇಳುತ್ತಿದ್ದಳು. ಹಚ್ಚಿದರೆ ನಾನು ಅವಳನ್ನು ಬಿಟ್ಟು ನೋಡಿದ್ದು ತಿಳಿಯುತ್ತದೆ, ಅವತ್ತು ನಾನು ಯಾರ ವೇಷ ಹಾಕಿದ್ದೆನೆಂದೂ ತಿಳಿಯುತ್ತದೆ. "ಅದೊಂದು ತೆಗೀವಲ್ದುಬೇ, ಏನಾಗೇತೋ" ಎಂದು ಸುಳ್ಳು ಹೇಳಿ ಬೇರೆ ಯಾರದೋ ಕುಸ್ತಿ ಹಾಕುತ್ತಿದ್ದೆ. ಟಿವಿಯಲ್ಲಿ ಒಂದು ಕುಸ್ತಿಯನ್ನೂ ಕೊನೆತನಕ ನೋಡಲು ಸಿಗದವಳಿಗೆ ನಾನೂ ಅದನ್ನೇ ಮಾಡಿದೆ.

ಕೊನೆಗೆ ಭುಜ ಪೂರ್ತಿ ಹಿಡಿದು, ತಲೆ ಬಾಚಿಕೊಳ್ಳಲೂ ಕೈ ಏಳದಂತಾದಾಗ ಮಗಳು ಬಂದು ಹಿರೇಕೆರೂರಿಗೆ ಕರೆದುಕೊಂಡು ಹೋದಳು. ಬಸ್ ಹತ್ತಿದರೆ ಹೋಗಿ ಬರುವ ದಾರಿ. ಈ ವಾರ, ಬರುವ ವಾರ ಎಂದು ನಾನು ಹೋಗಲೇ ಇಲ್ಲ. ಮುಖ ತೋರಿಸಲು ಧೈರ್ಯವಿರಲಿಲ್ಲ ಅನ್ನುವುದೇ ಖರೆ. ಒಂದು ದಿನ ಅವಳೇ ಫೋನ್ ಮಾಡಿದಳು. ಮಳೆ, ಬೆಳೆ, ರೊಟ್ಟಿ ಎಲ್ಲಾ ಮಾತಾದ ಮೇಲೆ ಕೇಳಿದಳು.

"ಅಲ್ಲಬೇ, ಆ ನಮ್ಮ ಹಳದಿ ಚಡ್ಡಿಯವ್ರದು ಮುಂದ ಏನಾತು? ನೋಡ್ದೇನು?"

"ನೋಡ್ದೆಬೇ. ಗೆದ್ರು."

"ಹೌದಾ... ಅಣ್ಣ ಕೈ ಮುಟ್ಟಿಸಿದ್ನಾ?"

"ಮುಟ್ಟಿಸಿದಬೇ."

"ಚಲೋ ಆತು ಬಿಡು," ಅಂದಳು. ಅದೇ ಕೊನೆಯ ಮಾತು.

ದೊಡ್ಡವ್ವ ತೀರಿಕೊಂಡ ಸುದ್ದಿ ತಿಳಿದು ಹಿರೇಕೆರೂರಿಗೆ ಮಣ್ಣಿಗೆ ಹೋದಾಗ ಮಗಳು ನನ್ನನ್ನು ತಬ್ಬಿಕೊಂಡು ಅತ್ತಳು. ಎಲ್ಲಾ ಮುಗಿದು ಕಟ್ಟೆಯ ಮೇಲೆ ಕುಳಿತಾಗ ತಾನಾಗಿಯೇ ಹೇಳಿದಳು: "ಅವ್ವ ಆ ಕುಸ್ತಿ ಇಲ್ಲೂ ಬಿಡ್ಲಿಲ್ರಿ ಅಕ್ಕಾರ. ಇಲ್ಲಿಗೆ ಬಂದ ವಾರದಾಗ ನನ್ನ ಮೊಬೈಲ್‌ದಾಗ ಹುಡುಕಿಸಿ ಹಚ್ಚಿಸ್ಕೊಂಡ್ಲು. ಹಳದಿ ಚಡ್ಡಿಯವ್ರದು. ತಮ್ಮ ಕೈ ಚಾಚ್ತಾನ, ಅಣ್ಣ ಕೈ ಹಿಂದಕ ತಗೊಂಡು ಹೊಕ್ಕಾನ. ಅದನ್ನ ನೋಡಿ 'ಓ... ಇದನೇನ್ ಅಕಿ ಮಾಡಿದ್ದು' ಅಂದ್ಲು. ಯಾರಬೇ ಅಂದ್ರ ಹೇಳ್ಲಿಲ್ಲ. ನಿಮಗೇನರ ಗೊತ್ತೈತೇನ್ರಿ?"

"ಇಲ್ಲವ್ವ," ಅಂದೆ.

ಬಂದ ವಾರದಲ್ಲಿ ನೋಡಿದ್ದಾಳೆ. ನನಗೆ ಫೋನ್ ಮಾಡಿದ್ದು ಆಮೇಲೆ. ಎಲ್ಲಾ ತಿಳಿದುಕೊಂಡೇ ಕೇಳಿದ್ದಳು. ನಾನು ಬಾಯಿ ಬಿಟ್ಟು ತಪ್ಪಾಯಿತು ಅನ್ನಲಿ ಎಂದು, ಅಷ್ಟು ದೂರದಿಂದ ಇನ್ನೊಮ್ಮೆ ಕೈ ಚಾಚಿದ್ದಳು. ನಾನು ಮತ್ತೆ ಹಿಂದಕ್ಕೆಳೆದುಕೊಂಡೆ. ಕ್ಷಮಿಸಿದ್ದಳೋ, ಬೇಸರಪಟ್ಟುಕೊಂಡೇ ಹೋದಳೋ, ಯಾರನ್ನು ಕೇಳಲಿ...

ಈಗ ಮೊಬೈಲಿನ ಧ್ವನಿ ಜೋರಾಗಿದೆ. ಅರ್ಧ ನೋಡಿದವುಗಳ ಸಾಲಿನಲ್ಲಿ ಹಳದಿ ಚಡ್ಡಿಯವರ ಚಿತ್ರ ಇನ್ನೂ ಹಾಗೇ ಇದೆ. ಹಚ್ಚುವುದಿಲ್ಲ, ಅಳಿಸುವುದೂ ಇಲ್ಲ. ಚಪ್ಪರದಲ್ಲಿ ಜೊತೆಗೆ ಹೊಸಬಳೊಬ್ಬಳು ಬರುತ್ತಾಳೆ, ಒಳ್ಳೆಯ ಹೆಣ್ಣುಮಗಳು. ಬೇಯಿಸುವುದು ಅವಳು, ಬಡಿಯುವುದು ನಾನು. ನಿನ್ನೆ ಬಡಿದು ಬಡಿದು ಮಣಿಕಟ್ಟು ಸೋತಾಗ ನನಗರಿವಿಲ್ಲದೆ ನನ್ನ ಕೈ ಅವಳ ಕಡೆಗೆ ಚಾಚಿಕೊಂಡಿತ್ತು. ಆಕೆ ಒಲೆಯಿಂದ ತಲೆಯೆತ್ತಿ ನೋಡಿದಳು.

"ಏನ್ ಬೇಕಾಗಿತ್ರಿ ಅಕ್ಕಾರ?"

"ಏನಿಲ್ಲವ್ವ," ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡು, ಇನ್ನೊಂದು ಉಂಡೆ ಹಿಟ್ಟು ಎಳೆದುಕೊಂಡೆ.