ನಮ್ಮ ದೊಡ್ಡಮ್ಮ, ನಮ್ಮ ಅಡ್ಮಿನ್

ದೊಡ್ಡಮ್ಮ ಮನೆಗೆ ಬಂದವರ ಮುಖ ನೋಡುತ್ತಿರಲಿಲ್ಲ, ಫೋನ್ ನೋಡುತ್ತಿದ್ದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲಿ ಕೈ ಚಾಚುತ್ತಿದ್ದಳು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಅದನ್ನು ಹಿಂದೆ ಮುಂದೆ ತಿರುಗಿಸಿ, ಅಂಚು ಸವರಿ, ಕವರು ಬಿಚ್ಚಿ ಕೊನೆಗೆ ಕೇಳುತ್ತಿದ್ದಳು: "ಎಷ್ಟು ಜಿಬಿ?" ಹನ್ನೆರಡು ಅಂದವರಿಗೆ ಸೋಫಾ, ಎಂಟು ಅಂದವರಿಗೆ ಪ್ಲಾಸ್ಟಿಕ್ ಕುರ್ಚಿ. ನಾಲ್ಕು ಅಂದ ನಮ್ಮ ಸೋದರಮಾವನಿಗೆ ಅವಳು ಕೂರಲು ಹೇಳಿದ್ದನ್ನು ನಾನು ಕೇಳಿಲ್ಲ. ಮಾವ ಬಾಗಿಲಲ್ಲೇ ನಿಂತು ಕಾಫಿ ಕುಡಿದು ಹೋಗುತ್ತಿದ್ದ.

ದೊಡ್ಡಮ್ಮ ಎಂದರೆ ಅಮ್ಮನ ಒಡಹುಟ್ಟಿದ ಅಕ್ಕ, ಚಿಂತಾಮಣಿಗೆ ಮದುವೆಯಾಗಿ ಹೋದವಳು. ದೊಡ್ಡಪ್ಪ ಟೊಮೇಟೊ ಮಂಡಿ ನಡೆಸುತ್ತಿದ್ದರು. ದೊಡ್ಡಪ್ಪನನ್ನೂ ಮಗ ಕಿರಣನನ್ನೂ ಅವಳು ನಡೆಸುತ್ತಿದ್ದಳು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು. ಮುಂದಕ್ಕೆ ಓದಿಸದೆ ಮದುವೆ ಮಾಡಿದ ತಾತನ ಮೇಲಿನ ಸಿಟ್ಟನ್ನು ಬದುಕಿಡೀ ಸಿಕ್ಕಸಿಕ್ಕವರ ಮೇಲೆ ತೀರಿಸಿಕೊಂಡಳು. ಅರವತ್ತರ ಹತ್ತಿರ ಅವಳ ಕೈಗೆ ಟಚ್ ಫೋನ್ ಬಂತು. "ಮೊದ್ಲೇ ಕೋತಿ, ಅದಕ್ಕೆ ಹೆಂಡ ಕುಡಿಸ್ದಂಗಾಯ್ತು," ಎಂದು ದೊಡ್ಡಪ್ಪ ಹೇಳುತ್ತಿದ್ದರು, ಅವಳು ಊರಲ್ಲಿಲ್ಲದ ದಿನ ನೋಡಿಕೊಂಡು. ಹೊಸ ಮಾಡೆಲ್ ಬಿಡುಗಡೆಯಾಗುವುದನ್ನು ಅವಳು ಲೈವ್ ಕೂತು ನೋಡುತ್ತಿದ್ದಳು. ಅವತ್ತು ಒಲೆ ಹಚ್ಚುತ್ತಿರಲಿಲ್ಲ, ದೊಡ್ಡಪ್ಪನಿಗೆ ಹೋಟೆಲ್ ಊಟ. ಫೋನ್ ಬಗ್ಗೆ ವಿಡಿಯೊ ಮಾಡುವ ಹುಡುಗರ ಕೆಳಗೆಲ್ಲ ಅವಳ ಕಾಮೆಂಟು ಇರುತ್ತಿತ್ತು. ಒಬ್ಬನಿಗಂತೂ "ಕ್ಯಾಮೆರಾ ಚೆನ್ನಾಗಿದೆ, ಎದುರಿಗಿರುವ ಮುಖ ಬದಲಾಯಿಸು" ಎಂದು ಬರೆದಿದ್ದಳು. ಪಾಪ, ಆ ಹುಡುಗ ಆಮೇಲೆ ಕೈಯನ್ನಷ್ಟೇ ತೋರಿಸಿ ವಿಡಿಯೊ ಮಾಡಲು ಶುರುಮಾಡಿದ.

ಬರೆಯುತ್ತಿದ್ದಳು ಎಂದರೆ ಬೆರಳಲ್ಲಲ್ಲ, ಬಾಯಲ್ಲಿ. ಅವಳು ಹೇಳಿದ್ದನ್ನು ಫೋನೇ ಬರೆದುಕೊಳ್ಳುತ್ತಿತ್ತು. ಆಡುಮಾತು ಫೋನಿಗೆ ಸರಿಯಾಗಿ ತಿಳಿಯುವುದಿಲ್ಲ ಎಂದು ಗೊತ್ತಾದ ದಿನದಿಂದ ಅದರೊಂದಿಗೆ ಪುಸ್ತಕದ ಕನ್ನಡದಲ್ಲೇ ಮಾತಾಡಿದಳು. "ನೀವು ದಯವಿಟ್ಟು ಇಂಥ ಸುದ್ದಿಗಳನ್ನು ಕಳುಹಿಸಬೇಡಿ" ಎಂದು ರೇಡಿಯೊದವರ ಹಾಗೆ ನಿಧಾನವಾಗಿ ಒಪ್ಪಿಸಿ, ಅದೇ ಉಸಿರಿನಲ್ಲಿ ಅಡುಗೆಮನೆಯ ಕಡೆ ತಿರುಗಿ "ಏನ್ರೀ, ಹಾಲು ಉಕ್ತಾ ಐತೆ, ಕಣ್ಣೇನ್ ಮಂಡೀಲಿ ಬಿಟ್ಟು ಬಂದಿದ್ದೀರಾ?" ಎನ್ನುತ್ತಿದ್ದಳು. ಆ ಮನೆಯಲ್ಲಿ ಮರ್ಯಾದೆ ಸಿಗುತ್ತಿದ್ದದ್ದು ಫೋನಿಗೊಂದಕ್ಕೇ.

ನನ್ನನ್ನು ನೋಡಲು ಗೌರಿಬಿದನೂರಿನಿಂದ ಒಬ್ಬ ಹುಡುಗ ಬಂದಿದ್ದ. ತೆಳ್ಳಗೆ, ನಾಚಿಕೆಯವನು. ತಲೆ ತಗ್ಗಿಸಿ ನಗುತ್ತಿದ್ದ. ಫೋನನ್ನು ಟೀಪಾಯಿಯ ಮೇಲೆ ಬೋರಲು ಇಟ್ಟಿದ್ದ. ದೊಡ್ಡಮ್ಮ ಬಿಡುತ್ತಾಳೆಯೇ? ಎತ್ತಿ ತಿರುಗಿಸಿದಳು. ಗಾಜು ಮೂಲೆಯಿಂದ ಮೂಲೆಗೆ ಸೀಳಿಹೋಗಿತ್ತು.

"ಯಾವಾಗಪ್ಪ ಒಡೀತು?"

"ವರ್ಷ ಆಯ್ತು ಆಂಟಿ. ಕೆಲಸ ಮಾಡುತ್ತಲ್ಲ ಅಂತ ಬಿಟ್ಟಿದ್ದೀನಿ."

ದೊಡ್ಡಮ್ಮ ಫೋನನ್ನು ಅವನ ಕೈಗಿಟ್ಟು, ಅವನ ತಾಯಿಯ ಎದುರಿಗೇ ನನಗೆ ಹೇಳಿದಳು: "ಬ್ಯಾಡ ಕಣೇ. ಒಡೆದಿದ್ದನ್ನ ವರ್ಷಗಟ್ಲೆ ಉಜ್ಕೊಂಡು ಇರೋನು. ನಾಳೆ ನಿನ್ ಕೈ ಮುರಿದ್ರೂ ಇನ್ನೊಂದು ಕೈ ಕೆಲಸ ಮಾಡುತ್ತಲ್ಲ ಅಂತಾನೆ."

ಅವನ ತಾಯಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಎದ್ದರು. ಹುಡುಗ ತಲೆ ತಗ್ಗಿಸಿಯೇ ಹೋದ. ನನಗೆ ಅವನು ಇಷ್ಟವಾಗಿದ್ದ. ಅದನ್ನು ಯಾರೂ ಕೇಳಲಿಲ್ಲ.

ನಮ್ಮ ಸಂಬಂಧಿಕರೆಲ್ಲರ ಗ್ರೂಪು ಕಟ್ಟಿದವಳು ಅವಳೇ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಆಂಧ್ರದ ಕಡೆಯವರು ಎಲ್ಲ ಅದರಲ್ಲಿದ್ದರು. ಅಡ್ಮಿನ್ ಅವಳೊಬ್ಬಳೇ. ಹೆತ್ತ ಮಗನನ್ನೂ ಅಡ್ಮಿನ್ ಮಾಡಿರಲಿಲ್ಲ. ಸುಳ್ಳು ಸುದ್ದಿ ಕಳಿಸಿದವರನ್ನು, ಬೆಳಬೆಳಗ್ಗೆ ಗುಲಾಬಿ ಹೂ ಕಳಿಸಿದವರನ್ನು, ಅವಳ ಮೆಸೇಜು ಓದಿಯೂ ಉತ್ತರಿಸದವರನ್ನು ಮುಲಾಜಿಲ್ಲದೆ ಆಚೆಗೆ ಹಾಕುತ್ತಿದ್ದಳು. ಹಿಂದೆ ತಾತ ಊರಿನ ಯಜಮಾನಿಕೆ ಮಾಡುವಾಗ ತಪ್ಪು ಮಾಡಿದವರನ್ನು ಕುಲದಿಂದ ಹೊರಗಿಟ್ಟು, ಕಾಲಿಗೆ ಬಿದ್ದ ಮೇಲೆ ಒಳಗೆ ಕರೆದುಕೊಳ್ಳುತ್ತಿದ್ದರಂತೆ. ಮಗಳು ಅದನ್ನೇ ಒಂದು ಬೆರಳಿನಲ್ಲಿ ಮಾಡುತ್ತಿದ್ದಳು. ಆಚೆ ಹೋದವರು ಅವಳಿಗೆ ಫೋನ್ ಮಾಡಿ, ಬೈಸಿಕೊಂಡು, ಅವಳ ಬಾಯಿ ಸೋತ ಮೇಲೆ ಒಳಗೆ ಬರಬೇಕು. ಬೈಗುಳ ಜೋರಾದಾಗ ಮಾತು ತೆಲುಗಿಗೆ ತಿರುಗುತ್ತಿತ್ತು. ಕೊನೆಗೆ "ಚಾಲು, ಪೋವೇ" ಎನ್ನುತ್ತಿದ್ದಳು, 'ಸಾಕು, ಹೋಗೇ' ಎಂದು. ಅಂದರೆ ಕ್ಷಮೆ ಸಿಕ್ಕಿತು ಎಂದು ಲೆಕ್ಕ.

ಇನ್ನೊಂದು ಹುಚ್ಚು ಸ್ಟಿಕರ್ ಮಾಡುವುದು. ಸೀನುವವರು, ಉಣ್ಣುವವರು, ಅಳುವವರು, ಯಾರನ್ನೂ ಬಿಡುತ್ತಿರಲಿಲ್ಲ. ಫೋಟೋ ಹೊಡೆದು, ಬೆರಳಲ್ಲೇ ತಲೆಯ ಸುತ್ತ ಕತ್ತರಿಸಿ, ಕೆಳಗೊಂದು ಮಾತು ಬರೆದು ಬಿಡುತ್ತಿದ್ದಳು. ಮಧ್ಯಾಹ್ನ ಬಾಯಿ ತೆರೆದುಕೊಂಡು ಮಲಗಿದ್ದ ದೊಡ್ಡಪ್ಪನದು ಎಲ್ಲಕ್ಕಿಂತ ಪ್ರಸಿದ್ಧ. ಕೆಳಗೆ "ಶುಭರಾತ್ರಿ" ಎಂದಿತ್ತು. ನಾವೆಲ್ಲ ಮಲಗುವ ಮುಂಚೆ ಅದನ್ನೇ ಕಳಿಸುತ್ತಿದ್ದೆವು. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, "ಬಾಯೊಳಗೆ ಒಂದು ನೊಣ ಕಮ್ಮಿ ಆಯ್ತು ಕಣೇ, ಅದನ್ನೂ ಹಾಕ್ಬಿಡು," ಎಂದು ತಾವೂ ನಕ್ಕಿದ್ದರು.

ಈಗ ಅಮ್ಮನ ಮಾತು. ಅಮ್ಮ ಇರುವುದು ಜಂಗಮಕೋಟೆಯಲ್ಲಿ, ರೇಷ್ಮೆ ಹುಳ ಸಾಕುತ್ತಾಳೆ. ಓದು ಬರುವುದಿಲ್ಲ. ಅಕ್ಕ ಶಾಲೆಗೆ ಹೋಗುವಾಗ ತಂಗಿ ಹುಳಕ್ಕೆ ಸೊಪ್ಪು ಕೊಯ್ಯುತ್ತಿದ್ದಳು. ಫೋನ್ ಕಲಿಸಿದವಳು ದೊಡ್ಡಮ್ಮನೇ: "ಹಸಿರು ಗುಂಡಿ ಒತ್ತೇ ದಡ್ಡಿ, ಮೈಕ್ ಹಿಡ್ಕೊ, ಬಿಡಬ್ಯಾಡ." ಅಂದಿನಿಂದ ಅಮ್ಮ ಬೆಳಗ್ಗೆ ಕೊಯ್ದ ಸೊಪ್ಪಿನ ಫೋಟೋ ಹೊಡೆದು ಗ್ರೂಪಿಗೆ ಕಳಿಸುತ್ತಿದ್ದಳು. ತಕ್ಷಣ ದೊಡ್ಡಮ್ಮನ ದನಿ ಬರುತ್ತಿತ್ತು: "ರತ್ನೀ, ಸಣ್ಣ ಹುಳಕ್ಕೆ ಇಷ್ಟು ಬಲಿತ ಸೊಪ್ಪು ಹಾಕ್ತಾರೇನೇ? ನಿಂಗೆ ಯಾರಾದ್ರೂ ಚಪ್ಪಲಿ ಬೇಯಿಸಿ ಹಾಕ್ಬೇಕು, ಆವಾಗ ಗೊತ್ತಾಗ್ತದೆ." ಅಮ್ಮ ಅದನ್ನು ಕಿವಿಗೆ ಒತ್ತಿಕೊಂಡು ಕೇಳಿ, ಮತ್ತೊಮ್ಮೆ ಹಾಕಿಕೊಂಡು ಕೇಳಿ, "ನೋಡ್ದಾ, ಅಕ್ಕ ಬೈತಾವ್ಳೆ," ಎಂದು ಸಂಭ್ರಮಪಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಹೆಸರು ಹಿಡಿದು ಬೈಯುವವರು ಬೇರೆ ಯಾರೂ ಉಳಿದಿರಲಿಲ್ಲ.

ದೊಡ್ಡಪ್ಪ ಒಂದು ಬೆಳಗ್ಗೆ ಮಂಡಿಯಲ್ಲೇ ಕುಸಿದರು. ನಾನು ಕೆಲಸ ಮಾಡುವ ಶಿಡ್ಲಘಟ್ಟದ ಶಾಲೆಯಿಂದ ಓಡಿ ಹೋದೆ. ಹಜಾರದಲ್ಲಿ ದೊಡ್ಡಪ್ಪನನ್ನು ಮಲಗಿಸಿದ್ದರು. ದೊಡ್ಡಮ್ಮ ತಲೆದೆಸೆಯಲ್ಲಿ ಕೂತು ಗ್ರೂಪಿಗೆ ದನಿ ಕಳಿಸಿದಳು: "ಇವ್ರು ಹೋಗ್ಬಿಟ್ರು. ಎಲ್ಲಾ ಬನ್ನಿ." ಒಬ್ಬೊಬ್ಬರೇ ಕೈ ಮುಗಿದ ಚಿತ್ರ, ಓಂ ಶಾಂತಿ ಕಳಿಸತೊಡಗಿದರು. ಅದರ ನಡುವೆ ಅಮ್ಮನಿಂದ ಬಂತು, ಬಾಯಿ ತೆರೆದು ಮಲಗಿರುವ ದೊಡ್ಡಪ್ಪ, ಶುಭರಾತ್ರಿ. ಒಂದಲ್ಲ. ನೆಟ್ಟು ನಿಧಾನವಿದ್ದದ್ದಕ್ಕೆ ಹೋಗಿಲ್ಲವೆಂದುಕೊಂಡು ಮತ್ತೆ ಮತ್ತೆ ಒತ್ತಿದ್ದಳು. ಅಭ್ಯಾಸಬಲದಿಂದ ಯಾರೋ ಹೈಕಳು ನಗುವ ಮುಖ ಬೇರೆ ಹಾಕಿಬಿಟ್ಟರು.

ದೊಡ್ಡಮ್ಮ ಅದನ್ನು ನೋಡಿದಳು. ಹೆಣದ ಪಕ್ಕ ಕೂತಲ್ಲೇ ಅಮ್ಮನ ಹೆಸರಿನ ಮೇಲೆ ಬೆರಳೊತ್ತಿ ಆಚೆಗೆ ಹಾಕಿದಳು. ಆಮೇಲೆ ನಂಬರನ್ನೂ ಬ್ಲಾಕ್ ಮಾಡಿದಳು. ಅದಾದ ಮೇಲೆ ಅತ್ತಳು.

ಬಸ್ಸು ಹಿಡಿದು ಬಂದ ಅಮ್ಮ ಭಾವನ ಕಾಲು ಹಿಡಿದು ಗೋಳಾಡಿದಳು. ಅಕ್ಕ ಅವಳ ಕಡೆ ತಿರುಗಲಿಲ್ಲ. ದುಃಖದಲ್ಲಿದ್ದಾಳೆ ಎಂದುಕೊಂಡು ಅಮ್ಮ ಊರಿಗೆ ಹಿಂದಿರುಗಿದಳು. ಮಾರನೆಯ ದಿನದಿಂದ ಅವಳ ಫೋಟೋ ಹೋಗಲೊಲ್ಲದು. ನೆಟ್ಟು ಸಿಗುತ್ತಿಲ್ಲವೆಂದು ಸೊಪ್ಪಿನ ತೋಟದಲ್ಲಿ ಕೈ ಮೇಲೆತ್ತಿಕೊಂಡು ತಿರುಗಾಡುತ್ತಿದ್ದಳು. ಕೊನೆಗೆ ನಾನೇ ಹೇಳಬೇಕಾಯಿತು.

"ಭಾವ ನೆಮ್ಮದಿಯಾಗಿ ಮಲಗವ್ರಲ್ಲ, ನನ್ ಫೋನಲ್ಲಿ ಅವ್ರ್ದು ಇರೋದು ಅದೊಂದೇ ಫೋಟೋ, ಅದಕ್ಕೇ ಕಳಿಸ್ದೆ," ಎಂದಳು ಅಮ್ಮ. "ಅದ್ರಲ್ಲಿ ಏನಂತ ಬರ್ದೈತೆ?"

ನಾನು ದೊಡ್ಡಮ್ಮನ ಹತ್ತಿರ ಹೋಗಿ ಎಲ್ಲ ಬಿಡಿಸಿ ಹೇಳಿದೆ. ಅಮ್ಮನಿಗೆ ಓದಲು ಬರುವುದಿಲ್ಲ, ಬೇಕೆಂದು ಮಾಡಿದ್ದಲ್ಲ ಎಂದೆ.

"ಓದಕ್ಕೆ ಬರಲ್ಲ ಅಂತ ನಂಗೊತ್ತಿಲ್ವಾ? ಕಣ್ಣಿಲ್ವಾ ಅವ್ಳಿಗೆ?"

"ಆ ಸ್ಟಿಕರ್ ಮಾಡಿದ್ದು ನೀನೇ ಅಲ್ವಾ ದೊಡ್ಡಮ್ಮ?"

ಅವಳು ಫೋನ್ ಕೈಗೆತ್ತಿಕೊಂಡಳು. ಆಮೇಲೆ ಗ್ರೂಪಿನಲ್ಲಿ ಅಡ್ಮಿನ್ ಬಿಟ್ಟು ಬೇರೆ ಯಾರೂ ಏನೂ ಹಾಕದಂತೆ ಬಂದೋಬಸ್ತು ಮಾಡಿ, ಫೋನನ್ನು ಮಡಿಲಲ್ಲಿಟ್ಟುಕೊಂಡಳು. "ಯಾರೂ ಮಾತಾಡೋದ್ ಬ್ಯಾಡ. ಹೋಗು," ಎಂದಳು. ಕನ್ನಡದಲ್ಲೇ ಎಂದಳು, ತೆಲುಗಿನಲ್ಲಲ್ಲ.

ಅಮ್ಮ ಬಿಡಲಿಲ್ಲ. ಫೋನ್ ಚಾರ್ಜ್ ಆಗುತ್ತಿಲ್ಲ ಎಂಬ ನೆಪ ಹಿಡಿದು, ನನ್ನನ್ನೂ ಕರೆದುಕೊಂಡು ಚಿಂತಾಮಣಿಗೆ ಹೊರಟಳು. ಕೆಟ್ಟ ಫೋನನ್ನು ಕಂಡರೆ ಅಕ್ಕ ಸುಮ್ಮನಿರಲಾರಳು ಎಂದು ತಂಗಿಗೆ ಗೊತ್ತಿತ್ತು. ಅದು ನಿಜವೂ ಆಯಿತು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು, ಪಿನ್ನಿನಿಂದ ಚಾರ್ಜಿಂಗ್ ತೂತಿನ ಕಸ ಕೆದಕಿ ತೆಗೆದಳು. ಒಣಗಿದ ಸೊಪ್ಪಿನ ಚೂರು ಬಂತು. ಫೋನಿನೊಳಗಿದ್ದ ಬೇಡದ್ದನ್ನೆಲ್ಲ ಅಳಿಸಿದಳು. ಅಮ್ಮ ಅವಳ ಮೊಣಕಾಲಿನ ಹತ್ತಿರ ನೆಲದ ಮೇಲೆ ಕೂತು, ಬೈಯಲಿ ಎಂದು ಕಾಯುತ್ತಿದ್ದಳು. ದೊಡ್ಡಮ್ಮ ಫೋನನ್ನು ಅಮ್ಮನ ತಲೆಯ ಮೇಲಿಂದ ನನ್ನತ್ತ ಚಾಚಿದಳು.

"ಸರಿಹೋಯ್ತು ಅಂತ ಹೇಳು ಅವ್ರಿಗೆ."

ಹುಟ್ಟಿದಾಗಿನಿಂದ ರತ್ನಿ, ದಡ್ಡಿ, ಮೂದೇವಿ ಎನ್ನಿಸಿಕೊಂಡ ತಂಗಿಗೆ 'ಅವ್ರು' ಎಂದಳು. ಅದಕ್ಕಿಂತ ಕೆನ್ನೆಗೆ ಎರಡು ಬಿಗಿದಿದ್ದರೆ ಅಮ್ಮ ಸಂತೋಷಪಡುತ್ತಿದ್ದಳು. ಹಿಂದಿರುಗುವ ಬಸ್ಸಿನಲ್ಲಿ ಅಮ್ಮ ಭಾವನನ್ನು ಹುಡುಕಿದಳು. ಸ್ಟಿಕರ್ ಇರಲಿಲ್ಲ. ದೊಡ್ಡಮ್ಮ ಅದನ್ನೂ ಅಳಿಸಿದ್ದಳು.

ಆಮೇಲೆ ನಾನು ಅವಳನ್ನು ಬದುಕಿರುವಾಗ ನೋಡಲಿಲ್ಲ. ಎದೆನೋವು ಎಂದು ಮಲಗಿದವಳು ಏಳಲೇ ಇಲ್ಲ. ನಾವು ಹೋದಾಗ ದೊಡ್ಡಮ್ಮನನ್ನು ಗಾಜಿನ ಐಸ್ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಪೆಟ್ಟಿಗೆಯ ಮುಚ್ಚಳ ಎತ್ತಿ, ಕಿರಣ ಅವಳ ಹೆಬ್ಬೆರಳನ್ನು ಅವಳ ಫೋನಿಗೆ ಒತ್ತುತ್ತಿದ್ದ. ಸಂಬಂಧಿಕರಿಗೆಲ್ಲ ಸುದ್ದಿ ಮುಟ್ಟಿಸಬೇಕು, ಗ್ರೂಪಿಗೆ ಹಾಕಲು ಅಡ್ಮಿನ್‌ಗೆ ಮಾತ್ರ ಸಾಧ್ಯ, ಅಡ್ಮಿನ್ ಐಸಿನಲ್ಲಿದ್ದಾಳೆ. "ತಣ್ಣಗಿದ್ರೆ ತಗೊಳ್ಳಲ್ಲ ಕಣೋ, ಸ್ವಲ್ಪ ಉಜ್ಜು," ಎಂದು ಸೋದರಮಾವ ಬುದ್ಧಿ ಹೇಳುತ್ತಿದ್ದ. ಕಿರಣ ಅಂಗೈಯಲ್ಲಿಟ್ಟು ಉಜ್ಜಿದ, ಊದಿದ, ಮತ್ತೆ ಒತ್ತಿದ. ರಾತ್ರಿಯೇ ಬ್ಯಾಟರಿ ಮುಗಿದು ಆರಿಹೋಗಿದ್ದ ಫೋನನ್ನು ಚಾರ್ಜಿಗೆ ಹಾಕಿ ಹತ್ತಿಸಿದ್ದರು. ಆರಿ ಹತ್ತಿದ ಫೋನು ಮೊದಲು ಪಿನ್ ನಂಬರ್ ಕೇಳುತ್ತದೆ, ಬೆರಳಿಗೆ ಬಗ್ಗುವುದಿಲ್ಲ. ಇದನ್ನು ನಮಗೆ ಹೇಳಿ, ದಡ್ಡಮುಂಡೇವಾ ಎಂದು ಬೈಯಬಲ್ಲವಳು ಆ ಮನೆಯಲ್ಲಿ ಒಬ್ಬಳೇ ಇದ್ದಳು.

"ಬಿಡೋ ಆ ಕೈನ!" ಎಂದು ಅಮ್ಮ ಕೂಗಿದಳು. ಅವಳು ಯಾರ ಮೇಲಾದರೂ ಕೂಗಿದ್ದನ್ನು ನಾನು ಕೇಳಿದ್ದು ಅವತ್ತೇ. ಕಿರಣನ ಕೈಯಿಂದ ಅಕ್ಕನ ಕೈ ಕಿತ್ತುಕೊಂಡು, ಸೆರಗಿನಿಂದ ಹೆಬ್ಬೆರಳು ಒರೆಸಿ, ಹೊದಿಕೆಯ ಒಳಗಿಟ್ಟಳು. ಆಮೇಲೆ ಪೆಟ್ಟಿಗೆಯ ಅಂಚಿಗೆ ಬಾಗಿ, "ಅಕ್ಕ, ನಾನು ರತ್ನಿ," ಎಂದಳು.

ಕಾರ್ಯ ಮುಗಿದ ಮೇಲೆ ಕಿರಣ ಹೊಸ ಗ್ರೂಪು ಮಾಡಿದ. ಮೊಟ್ಟಮೊದಲು ಅಮ್ಮನನ್ನೇ ಸೇರಿಸಿದ. ಪಾಪದವನು, ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಮಾರನೆಯ ಬೆಳಗ್ಗೆ ಅಮ್ಮ ತೋಟಕ್ಕೆ ಹೋಗಿ ಬೇಕೆಂದೇ ಬಲಿತ, ಅಂಚು ಒಣಗಿದ ಸೊಪ್ಪು ಕಿತ್ತು, ಮಂಕರಿಗೆ ಹಾಕಿ ಫೋಟೋ ಹೊಡೆದು ಕಳಿಸಿದಳು. ಎಲ್ಲರೂ ಹೆಬ್ಬೆರಳೆತ್ತಿದರು. ಒಬ್ಬರು ಹೂ ಹಾಕಿದರು, ಒಬ್ಬರು ಹೃದಯ ಹಾಕಿದರು, ಸೋದರಮಾವ "ಸೂಪರ್" ಎಂದು ಬರೆದ. ನಾನು ಪಕ್ಕದಲ್ಲಿ ಕೂತು ಒಂದೊಂದನ್ನೂ ಓದಿ ಹೇಳಿದೆ. ಅಮ್ಮ ಇನ್ನೂ ಏನೋ ಬರಬಹುದೆಂದು ಫೋನನ್ನು ಕಿವಿಯ ಹತ್ತಿರ ಹಿಡಿದೇ ಇದ್ದಳು. ಒಳಗೆ ಹುಳಗಳು ಹಸಿದಿದ್ದವು.

"ಇಷ್ಟು ಕೆಟ್ಟ ಸೊಪ್ಪು ಕಳಿಸಿದ್ರೂ ಒಬ್ರೂ ಬೈಯ್ಯಲಿಲ್ವಲ್ಲೇ," ಎಂದಳು. "ನನ್ನ ಇದ್ರಿಂದ ಆಚೆಗೆ ಹಾಕು ಅಂತ ಹೇಳು ಕಿರಣಂಗೆ."